ತುಟಿ ಕೂಡುವ ಮಾತು

ಕನ್ನಡದಲ್ಲಿ ತುಟಿ ಕೂಡಿಸದೆ ಹೇಳಲಾಗದ ಅಕ್ಷರಗಳು ಐದು: ಪ, ಫ, ಬ, ಭ, ಮ. ಡಬ್ಬಿಂಗ್‌ಗೆ ಮಾತು ಬರೆಯುವವರು ಮೊದಲು ಕಲಿಯುವುದು ಇದನ್ನೇ. ಪರದೆಯ ಮೇಲಿನ ಮನುಷ್ಯ ಇಂಗ್ಲಿಷಿನಲ್ಲಿ ಏನಾದರೂ ಹೇಳುತ್ತಿರಲಿ, ಅವನ ತುಟಿ ಎಲ್ಲಿ ಕೂಡುತ್ತದೋ ಅಲ್ಲಿ ಈ ಐದರಲ್ಲಿ ಒಂದು ಬೀಳಬೇಕು. ಕೂಡದ ಕಡೆ ಬೀಳಬಾರದು. ಅರ್ಥ, ಭಾವ, ಸೊಗಸು ಎಲ್ಲ ಆಮೇಲಿನ ಮಾತು.

೨೦೧೭ರ ಜನವರಿಯಲ್ಲಿ ನಮ್ಮ ಸ್ಟುಡಿಯೋಗೆ ಬಂದದ್ದು ಒಂದು ಹಳೆಯ ಹಾಲಿವುಡ್ ಚಿತ್ರ. ಹೊಸ ನೆಲ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟ ಅರವತ್ತು ಕುಟುಂಬಗಳು, ಅವರ ಅರವತ್ತು ಕಮಾನುಗಾಡಿಗಳು, ಅವರಿಗೆ ದಾರಿ ತೋರಿಸುವ ಒಬ್ಬ ಮುಂದಾಳು. ಸಾಲಿನ ಕೊನೆಯಲ್ಲಿ ತನ್ನ ಗಾಡಿಯನ್ನು ತಾನೇ ಹೊಡೆದುಕೊಂಡು ಬರುವ ಒಬ್ಬ ವಿಧವೆ. ಒಂಟಿ ಹೆಂಗಸನ್ನು ಕರೆದೊಯ್ಯುವುದಿಲ್ಲ ಎಂದು ಮುಂದಾಳು ಮೊದಲ ರೀಲಿನಲ್ಲೇ ಹೇಳುತ್ತಾನೆ. ಅವಳು ಕೇಳುವುದಿಲ್ಲ. ಹತ್ತು ರೀಲಿನ ಕಥೆ ಇಷ್ಟೇ: ಹೊಳೆ, ಮರಳುಗಾಡು, ಹಿಮ, ಮತ್ತು ಇವರಿಬ್ಬರ ಹಟ.

ಸ್ಟುಡಿಯೋ ಇದ್ದದ್ದು ಗಂಗಾನಗರದಲ್ಲಿ, ಒಂದು ಟೈಲ್ಸ್ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ. ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಭಕ್ತಿಗೀತೆ, ಶಾಲಾ ವಾರ್ಷಿಕೋತ್ಸವದ ನಿರೂಪಣೆ, ಸ್ಥಳೀಯ ಕೇಬಲ್ಲಿಗೆ ಸೀರೆ ಅಂಗಡಿಯ ಜಾಹೀರಾತು. ಮುಂಬೈಯ ಒಂದು ಸಂಸ್ಥೆ ಇಂಥ ಹಳೆಯ ಚಿತ್ರಗಳನ್ನು ನಮ್ಮ ಭಾಷೆಗಳಿಗೆ ಡಬ್ ಮಾಡಿಸಿ ಟಿವಿಗೆ ಮಾರುತ್ತಿತ್ತು. ತಮಿಳು, ತೆಲುಗು ಆಗಲೇ ನಡೆದಿದ್ದವು. ಕನ್ನಡವನ್ನು ಒಂದು ಚಿತ್ರದಲ್ಲಿ ಪರೀಕ್ಷಿಸಿ ನೋಡುತ್ತೇವೆ, ಸರಿಬಂದರೆ ಮುಂದುವರಿಸುತ್ತೇವೆ, ಇಲ್ಲದಿದ್ದರೆ ಕನ್ನಡದವರು ತೆಲುಗಿನಲ್ಲೇ ನೋಡಿಕೊಳ್ಳುತ್ತಾರೆ ಎಂದು ಅವರು ಫೋನಿನಲ್ಲಿ ಹೇಳಿದ್ದರಂತೆ. ಸ್ಟುಡಿಯೋ ಮಾಲೀಕರು ಆ ಕೊನೆಯ ವಾಕ್ಯವನ್ನು ದಿನಕ್ಕೆ ಎರಡು ಸಲ, ಟೀ ಕುಡಿಯುವಾಗ, ನಮಗೆ ಒಪ್ಪಿಸುತ್ತಿದ್ದರು. ಅವರಿಗೆ ಅದರಲ್ಲಿ ನೋವೂ ಇತ್ತು, ಭಯವೂ ಇತ್ತು.

ಮಾತು ಬರೆಯುವುದು, ಬರೆದದ್ದನ್ನು ಕಲಾವಿದರಿಂದ ಹೇಳಿಸುವುದು ನನ್ನ ಕೆಲಸ. ನನಗೆ ಆಗ ಇಪ್ಪತ್ತೈದು. ಸ್ವತಂತ್ರವಾಗಿ ವಹಿಸಿಕೊಂಡ ಮೊದಲ ಚಿತ್ರ. ಮುಂಬೈಯವರು ಕಳಿಸಿದ್ದ ಕಚ್ಚಾ ಅನುವಾದ ಯಾವುದೋ ಯಂತ್ರ ಮಾಡಿದ್ದು. ಇಂಗ್ಲಿಷಿನ 'ವ್ಯಾಗನ್ ಟ್ರೇನ್' ಅನ್ನು, ಅಂದರೆ ಗಾಡಿಗಳ ಸಾಲನ್ನು, ಅದು ಉದ್ದಕ್ಕೂ 'ಬಂಡಿ ರೈಲು' ಎಂದೇ ಕರೆದಿತ್ತು. ನಾನು 'ಗಾಡಿಸಾಲು' ಎಂದು ಬದಲಿಸಿದೆ. ಸೌಂಡ್ ಎಂಜಿನಿಯರ್ ನನ್ನ ವಯಸ್ಸಿನವನೇ. ಗಾಡಿಸಾಲು ಅಂದ್ರೆ ಹೆಬ್ಬಾಳ ಫ್ಲೈಓವರ್ ಅಂತ ಜನ ಅಂದ್ಕೋತಾರೆ ಎಂದು ಅವನು ನಕ್ಕ. ಆದರೆ ಒಪ್ಪಿದ.

ಮುಂದಾಳಿಗೆ ಧ್ವನಿ ಕೊಟ್ಟವರು ಕೊಡಿಗೇಹಳ್ಳಿಯ ಒಬ್ಬ ಹಿರಿಯ ನಟರು. ಹಳೇ ಊರಿನ ಮನೆತನ. ತಮ್ಮಂದಿರು ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿದರೆ ಇವರು ನಾಟಕ ಎಂದು ಹೊರಟವರು. ಧಾರಾವಾಹಿಗಳಲ್ಲಿ ಹತ್ತೊಂಬತ್ತು ವರ್ಷದಿಂದ ಮಾವನ ಪಾತ್ರ ಮಾಡುತ್ತಿದ್ದರು. ಮೈಕಿನ ಮುಂದೆ ಅವರ ಉಚ್ಚಾರ ಗಾಜಿನಷ್ಟು ಸ್ವಚ್ಛ; ಮೈಕಿನಿಂದ ಒಂದು ಹೆಜ್ಜೆ ಈಚೆ ಬಂದರೆ 'ಹ' ಮಾಯ. ಡಬ್ಬಿಂಗ್ ವಿರೋಧಿಸುವವರ ಸಿಟ್ಟು ಆಗ ಇನ್ನೂ ಆರಿರಲಿಲ್ಲ. ತಮ್ಮ ಹೆಸರು ಎಲ್ಲೂ ಬರಕೂಡದು, ಗೊತ್ತಾದರೆ ಇರುವ ಧಾರಾವಾಹಿಯೂ ಹೋಗುತ್ತದೆ ಎಂಬ ಷರತ್ತಿನ ಮೇಲೆ ಅವರು ಬಂದಿದ್ದರು. ಹಾಗಿದ್ದ ಮೇಲೆ ಯಾಕೆ ಬಂದಿರಿ ಎಂದು ನಾನು ಒಮ್ಮೆ ಕೇಳಿದ್ದೆ. "ಜೀವಮಾನದಾಗ್ ಒಂದ್ಸಲ ಈರೋ ಆಗಾನ ಅಂತ ಕಣಮ್ಮ" ಎಂದಿದ್ದರು.

ವಿಧವೆಗೆ ಧ್ವನಿ ಕೊಟ್ಟವರು ವಿದ್ಯಾರಣ್ಯಪುರದವರು. ಮೊದಲು ರೇಡಿಯೋದಲ್ಲಿ ಉದ್ಘೋಷಕಿಯಾಗಿದ್ದವರು. ಮಗನನ್ನು ಶಾಲೆಗೆ ಬಿಟ್ಟು ಬಸ್ಸಿನಲ್ಲಿ ಬರುತ್ತಿದ್ದರು.

ಈಗ ನನ್ನ ತಪ್ಪಿನ ವಿಷಯ. ಆಗ ಅದು ನನಗೆ ತಪ್ಪು ಎನಿಸಿರಲಿಲ್ಲ. ನನ್ನ ಜಾಣತನ ಎನಿಸಿತ್ತು. ಆ ಮುಂದಾಳು ವಿಧವೆಯನ್ನು ಚಿತ್ರದುದ್ದಕ್ಕೂ 'ಮ್ಯಾಮ್' ಎಂದು ಕರೆಯುತ್ತಾನೆ. ಬೇಡ ಮ್ಯಾಮ್, ಹೊಳೆ ಆಳ ಇದೆ ಮ್ಯಾಮ್, ಹಿಂದೆ ಸರಿಯಿರಿ ಮ್ಯಾಮ್. ತುಟಿ ಮುಚ್ಚುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ. ಅದಕ್ಕೆ ನಾನು 'ಅಮ್ಮ' ಹಾಕಿದೆ. 'ಬೇಡಮ್ಮ' ಎಂದಾಗ ಮೊದಲ ಮುಚ್ಚುವಿಕೆಗೆ 'ಮ್ಮ' ಕರಾರುವಾಕ್ಕಾಗಿ ಕೂರುತ್ತದೆ. ಎರಡನೆಯದಕ್ಕೆ ಸದ್ದೇ ಬೇಡ, ಏಕೆಂದರೆ ಮಾತು ಮುಗಿದ ಮೇಲೆ ಮನುಷ್ಯ ಬಾಯಿ ಮುಚ್ಚುವುದು ಸಹಜ. ಎಂಜಿನಿಯರ್ ಮೊದಲ ಸಲ ಕೇಳಿದಾಗ ಹೆಡ್‌ಫೋನ್ ತೆಗೆದಿಟ್ಟು, "ಗುರು, ಇದು ಕನ್ನಡದಲ್ಲೇ ಶೂಟಿಂಗ್ ಆದಂಗಿದೆ" ಎಂದ. ಒಂಬತ್ತು ರೀಲು ಹಾಗೆಯೇ ಮುಗಿಸಿ ಮುಂಬೈಗೆ ಪರಿಶೀಲನೆಗೆ ಕಳಿಸಿದೆವು. ಹತ್ತನೆಯದೊಂದು ಬಾಕಿ. ಪೂರ್ತಿ ಚಿತ್ರ ಒಪ್ಪಿಸಬೇಕಾದದ್ದು ಫೆಬ್ರವರಿ ಎರಡನೇ ವಾರದ ಸೋಮವಾರ.

ಅದಕ್ಕೆ ಹಿಂದಿನ ಬುಧವಾರ ಬೆಳಿಗ್ಗೆ ಮುಂಬೈಯ ಪರಿಶೀಲಕಿಯಿಂದ ಮೇಲ್ ಬಂತು. ಅವರಿಗೆ ಕನ್ನಡ ಬರದು. ಆದರೆ ನಾಲ್ಕೈದು ಭಾಷೆಗಳ ಧ್ವನಿಯನ್ನು ಪಕ್ಕಪಕ್ಕ ಇಟ್ಟು ಕೇಳುವ ಅಭ್ಯಾಸ ಅವರದು. ಕೇಳಿದ್ದು ಒಂದೇ ಪ್ರಶ್ನೆ: ನಾಯಕ ನಾಯಕಿಯನ್ನು ತಾಯಿ ಎಂದು ಏಕೆ ಕರೆಯುತ್ತಾನೆ? ಕೊನೆಯ ರೀಲಿನಲ್ಲಿ ಅವನು ತನ್ನೊಂದಿಗೆ ಬರುವಂತೆ ಅವಳನ್ನು ಕೇಳುವವನಿದ್ದಾನೆ ಎಂಬುದು ಅನುವಾದಕರಿಗೆ ತಿಳಿದಿದೆಯೇ? ಇದನ್ನು ಸರಿಪಡಿಸದೆ ಕನ್ನಡ ಆವೃತ್ತಿಯನ್ನು ಒಪ್ಪಲಾಗದು.

ಮಾಲೀಕರು ಅದನ್ನು ಎರಡು ಸಲ ಓದಿ ನನ್ನತ್ತ ತಿರುಗಿದರು.

"ಇದೇನಮ್ಮ ಇದು? ಅವ್ರು ಕೇಳೋದ್ರಲ್ಲಿ ತಪ್ಪೇನಿದೆ?"

ಎಂಜಿನಿಯರ್ ಕುರ್ಚಿಯಲ್ಲೇ ಬೆನ್ನು ತಿರುಗಿಸಿಕೊಂಡು ನಗು ತಡೆದ. ಮಾಲೀಕರಿಗೆ ತಾವು ಈಗಷ್ಟೇ ನನ್ನನ್ನು ಏನೆಂದು ಕರೆದೆವು ಎಂಬುದು ಗೊತ್ತೇ ಆಗಿರಲಿಲ್ಲ. ನಾವು ಯಾರೂ ಗಮನಿಸದಿದ್ದದ್ದು ಅದಕ್ಕೇ. ಕೊತ್ತಂಬರಿ ಮಾರುವವರಿಂದ ಕಂಡಕ್ಟರ್‌ವರೆಗೆ ದಿನವಿಡೀ ನನ್ನನ್ನು ಏನಮ್ಮ, ಬಾಮ್ಮ ಎನ್ನುತ್ತಾರೆ. ಹಿರಿಯ ನಟರಂತೂ ವಾಕ್ಯಕ್ಕೊಂದು. ಆ ಅಮ್ಮನಲ್ಲಿ ತಾಯಿ ಇದ್ದಾಳೆಂದು ನಮ್ಮ ಕಿವಿಗೆ ಕೇಳುವುದೇ ಇಲ್ಲ. ಆದರೆ ಒಬ್ಬ ಗಂಡಸು ಒಂದು ಹೆಣ್ಣನ್ನು ಬಯಸಿ ಕರೆಯುವಾಗ ಅದನ್ನು ಇಟ್ಟು ನೋಡಿದರೆ ತಕ್ಷಣ ಕೇಳಿಸುತ್ತದೆ. ಮುಂಬೈಯವರ ಅರಿಯದ ಕಿವಿ ಸರಿಯಾಗಿಯೇ ಕೇಳಿತ್ತು.

ಅಂದು ಮಧ್ಯಾಹ್ನ ಒಂಬತ್ತು ರೀಲನ್ನೂ ಮತ್ತೆ ಓಡಿಸಿ ಎಣಿಸಿದೆ. ರೆಕಾರ್ಡ್ ಆದ 'ಅಮ್ಮ'ಗಳು ಮೂವತ್ತು. ಕೊನೆಯ ರೀಲಿನಲ್ಲಿ ಇನ್ನೊಂದು. ಮೂವತ್ತರಲ್ಲಿ ಇಪ್ಪತ್ತೆರಡು ಕಡೆ ಅವನು ದೂರದಲ್ಲಿದ್ದಾನೆ ಇಲ್ಲವೇ ಬೆನ್ನು ತಿರುಗಿಸಿದ್ದಾನೆ. ಅಲ್ಲಿ ಏನು ಹಾಕಿದರೂ ನಡೆದೀತು. ಐದು ಕಡೆ ಸೊಂಟದಿಂದ ಮೇಲೆ ಕಾಣುತ್ತಾನೆ, ಅಲ್ಲಿ ಎಚ್ಚರ ಬೇಕು. ಮೂರು ಕಡೆ ಪರದೆಯ ತುಂಬ ಅವನ ಮುಖ. ಮೂವತ್ತೊಂದನೆಯದೂ ಹಾಗೆಯೇ, ಪೂರ್ತಿ ಮುಖ.

ಆ ವಾರ ಇನ್ನೊಂದು ತೊಂದರೆ ಆಕಾಶದಲ್ಲಿತ್ತು. ಯಲಹಂಕದ ಏರ್ ಶೋಗೆ ತಾಲೀಮು ಶುರುವಾಗಿತ್ತು. ನಮ್ಮ ಕೋಣೆಯ ಕಿಟಕಿಗೆ ಪ್ಲೈವುಡ್ ಹೊಡೆದು ಒಳಗೆ ಹತ್ತಿ ತುಂಬಿಸಿದ್ದರೂ, ಯುದ್ಧವಿಮಾನ ಹೆಬ್ಬಾಳದ ಮೇಲೆ ತಿರುಗಿದರೆ ಅದರ ತಗ್ಗು ಗುಡುಗು ಗೋಡೆಯಿಂದಲೇ ಒಳಗೆ ಬರುತ್ತಿತ್ತು. ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು ವಿಮಾನದವರದು. ಉಳಿದ ಹೊತ್ತು ನಮ್ಮದು.

ಗುರುವಾರ ನಟರನ್ನು ಕರೆಸಿದೆವು. ಮಾಲೀಕರು ಒಂದು ಪರಿಹಾರ ಹುಡುಕಿಟ್ಟಿದ್ದರು: ಮೇಡಂ. ತುಟಿಯ ಲೆಕ್ಕದಲ್ಲಿ ಅದನ್ನು ಸೋಲಿಸುವ ಪದವೇ ಇಲ್ಲ. ಮುಚ್ಚು, ತೆರೆ, ಮುಚ್ಚು. ಮೂಲಕ್ಕಿಂತ ಚೆನ್ನಾಗಿ ಕೂರುತ್ತದೆ. ನಟರು ಒಂದು ಟೇಕ್ ಕೊಟ್ಟರು. ಹೊಳೆಯ ನೀರು ಗಾಡಿಯ ಚಕ್ರದ ನಡುವಿನ ಗುಂಬದವರೆಗೆ ಏರಿದೆ, ಎತ್ತು ಕೊಚ್ಚಿಹೋಗುತ್ತಿದೆ, ಮುಂದಾಳು ಹಗ್ಗ ಎಸೆದು ಕೂಗುತ್ತಾನೆ: ಹಿಡಿದುಕೊಳ್ಳಿ ಮೇಡಂ. ಗಾಜಿನ ಈಚೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಟರು ಹೆಡ್‌ಫೋನ್ ಕಳಚಿ ಸ್ಟೂಲಿನ ಮೇಲೆ ಕೂತರು.

"ಬ್ಯಾಂಕಲ್ಲಿ ಪಾಸ್‌ಬುಕ್ ಎಂಟ್ರಿ ಮಾಡ್ಸಕ್ ನಿಂತಂಗೈತೆ. ಇದನ್ನ ನಾನ್ ಏಳಲ್ಲ."

"ಏಳ್ಬೇಡಿ ಸಾರ್, ಕೂತೇ ಹೇಳಿ" ಎಂದ ಎಂಜಿನಿಯರ್, ಗಾಜಿನಾಚೆಗೆ ಮಾತಾಡುವ ಟಾಕ್‌ಬ್ಯಾಕಿನಲ್ಲಿ.

ಅವರು ನಗಲಿಲ್ಲ. ತಾನು ಹೆಸರು ಮುಚ್ಚಿಟ್ಟುಕೊಂಡು ಬಂದಿರುವುದು ನಿಜ, ಆದರೆ ನಾಳೆ ಟಿವಿಯಲ್ಲಿ ಇದನ್ನು ಕೇಳಿದ ಯಾವನಾದರೂ ಧ್ವನಿ ಗುರುತು ಹಿಡಿದರೆ, ಡಬ್ಬಿಂಗ್ ಮಾಡಿದ ಎಂಬುದಕ್ಕಿಂತ ಇಷ್ಟು ಕೆಟ್ಟದಾಗಿ ಮಾಡಿದ ಎಂಬುದೇ ದೊಡ್ಡ ಅವಮಾನ ಎಂದರು. ಮಾಲೀಕರು ಕನ್ನಡದವರು ತೆಲುಗಿನಲ್ಲಿ ನೋಡಿಕೊಳ್ಳುತ್ತಾರೆ ಎಂಬ ವಾಕ್ಯವನ್ನು ಮತ್ತೆ ಹೇಳಿದರು. ಈ ಮೇಡಂ ಕೇಳೋದಕ್ಕಿಂತ ತೆಲುಗೇ ವಾಸಿ ಎಂದು ನಟರು ಎದ್ದರು. ಅವರನ್ನು ಬಿಟ್ಟರೆ ಬೇರೆ ಧ್ವನಿ ನಮಗಿರಲಿಲ್ಲ. ಕೇಳಿದವರಲ್ಲಿ ಏಳು ಮಂದಿ ಡಬ್ಬಿಂಗ್ ಎಂದ ಕೂಡಲೇ ಫೋನ್ ಇಟ್ಟಿದ್ದರು. ಇದ್ದಿದ್ದರೂ ಹತ್ತು ರೀಲನ್ನು ನಾಲ್ಕು ದಿನದಲ್ಲಿ ಇನ್ನೊಬ್ಬರಿಂದ ಹೇಳಿಸಲಾಗುತ್ತಿರಲಿಲ್ಲ. ನಾನು ಅವರ ಹಿಂದೆಯೇ ಮೆಟ್ಟಿಲಿಳಿದು ಹೋಗಿ, ನಾಳೆ ಹನ್ನೆರಡಕ್ಕೆ ಬನ್ನಿ ಸಾರ್, ಮೇಡಂ ಇರುವುದಿಲ್ಲ ಎಂದು ಮಾತು ಕೊಟ್ಟೆ. ಅದರ ಜಾಗದಲ್ಲಿ ಏನಿರುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ.

ಆ ಸಂಜೆ ಬರೆದು ಹೊಡೆದು ಹಾಕಿದ ಪದಗಳು: ತಾಯಿ, ಅಕ್ಕ, ಅಮ್ಮಾವ್ರೆ, ಬಾಯಿಯವರೆ, ಹೆಣ್ಣೆ, ವಿಧವೆಯ ಹೆಸರು. ಅಕ್ಕ ಅಮ್ಮನಷ್ಟೇ ಅಪಾಯ. ಹೆಸರು ಹಿಡಿದು ಕರೆದರೆ ಆ ಮನುಷ್ಯ ಇಟ್ಟುಕೊಂಡ ದೂರ ಅಳಿಸಿಹೋಗುತ್ತದೆ. ಅವನ ಪ್ರೀತಿ ಇರುವುದೇ ಆ ದೂರದಲ್ಲಿ. ಇಂಗ್ಲಿಷಿನ ಆ ಒಂದು ಪದ ಮೊದಲ ರೀಲಿನಲ್ಲಿ ವ್ಯಂಗ್ಯ, ಹೊಳೆಯಲ್ಲಿ ಮರ್ಯಾದೆ, ಹಿಮದಲ್ಲಿ ಕಾಳಜಿ. ಅಷ್ಟನ್ನೂ ಹೊರುವ ಒಂದು ಪದ ಬೇಕಿತ್ತು, ಅದರ ಮಧ್ಯೆ ತುಟಿ ಕೂಡಬೇಕಿತ್ತು.

ಶುಕ್ರವಾರ ಹನ್ನೆರಡಕ್ಕೆ ನಟರು ಬಂದರು. ಕೊನೆಯ ರೀಲಿನ ಮಾತಿಗೆ ಕರೆಸಿದ್ದ ವಿದ್ಯಾರಣ್ಯಪುರದ ಕಲಾವಿದೆ ಹೊತ್ತಿಗೆ ಬರಲಿಲ್ಲ. ವಿಮಾನ ನೋಡಲು ಜನ ಹೆಬ್ಬಾಳ ಫ್ಲೈಓವರಿನ ಮೇಲೆಯೇ ಗಾಡಿ ನಿಲ್ಲಿಸಿಕೊಂಡಿದ್ದರಿಂದ ಅವರ ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಿರಲಿಲ್ಲವಂತೆ. ನಮಗೆ ಸಿಕ್ಕಿದ್ದ ಎರಡು ಗಂಟೆಯಲ್ಲಿ ಅಷ್ಟು ಹೋಯಿತು. ಅವರು ಬೆವರಿಕೊಂಡು ಒಳಗೆ ಬಂದಾಗ ನಟರು ಆಗಲೇ ಮೈಕಿನ ಮುಂದಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಅವರ ಮಾತು ಕಿವಿಯೊಳಗೇ ಆಡಿದಂತೆ ಕೇಳಿಸಿತು.

"ಬಂದ್ರಾ ಅಮ್ಮಣ್ಣಿಯೋರು? ಇಮಾನ ಎಲ್ಲ ನೋಡ್ಕಂಡ್ ಆಯ್ತಾ?"

"ನೋಡಿ ಸಾರ್, ನಿಂತು ನಿಂತು ಕಾಲು ಬಿದ್ದೋಗಿದೆ. ಅಮ್ಮಣ್ಣಿ ಗಿಮ್ಮಣ್ಣಿ ಅಂದ್ರೆ ನಾನ್ ವಾಪಸ್ ಹೋಗ್ತೀನಿ ಅಷ್ಟೆ."

"ಆಯ್ತು ಬಾ ಅಮ್ಮಣ್ಣಿ, ಮೊದ್ಲು ನೀರ್ ಕುಡಿ."

ನಾನು ಎಂಜಿನಿಯರ್‌ನ ತೋಳು ಹಿಡಿದೆ. ಎರಡು ವಾಕ್ಯದ ಅಂತರದಲ್ಲಿ ಒಂದೇ ಪದ ಕುಟುಕಿಯೂ ಇತ್ತು, ಉಪಚರಿಸಿಯೂ ಇತ್ತು. ಅಮ್ಮಣ್ಣಿ. ನಮ್ಮ ಹಳೇ ಊರುಗಳ ಕಡೆ ಮನೆಯ ಪುಟ್ಟ ಹುಡುಗಿಗೂ ಅದೇ, ಗೌಡರ ಮನೆಯ ಮಗಳಿಗೂ ಅದೇ, ಬಿಂಕ ಮಾಡುವ ಹೆಂಗಸನ್ನು ಹಂಗಿಸುವುದಕ್ಕೂ ಅದೇ. ತಾಯಿಯನ್ನು ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ.

ನಟರಿಗೆ ಹೇಳಿದೆ. ಅವರು, ನಮ್ಮಪ್ಪ ನಮ್ಮವ್ವನ್ನ ಜಗಳ ಆಡ್ವಾಗ ಅಂಗೇ ಅಂತಿದ್ದ ಎಂದರು. ಕಲಾವಿದೆ ನೀರಿನ ಬಾಟಲಿ ಕೆಳಗಿಟ್ಟು, ಇದಕ್ಕೆ ಒಪ್ಪಿಗೆ ಕೊಡಬೇಕಾದವಳು ತಾನು, ಕರೆಸಿಕೊಳ್ಳುವವಳು ತಾನಲ್ಲವೇ ಎಂದು ಕೇಳಿದರು. ಆಮೇಲೆ ಒಪ್ಪಿದರು. ಮಾಲೀಕರು ಮಾತ್ರ ಬಾಗಿಲಲ್ಲಿ ನಿಂತು, "ಅದ್ರಲ್ಲೂ ಅಮ್ಮ ಇದೆಯಲ್ಲಮ್ಮ" ಎಂದರು.

ಇತ್ತು. ಮುಂಬೈಯ ಕಿವಿಗೆ ಮೊದಲ ಎರಡು ಅಕ್ಷರವೇ ಕೇಳಿಸಿದರೆ ಎಲ್ಲ ಮುಗಿದಂತೆ. ನಾನು ಪರಿಶೀಲಕಿಗೆ ಫೋನ್ ಮಾಡಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ನೀವು ಹೇಳುವುದು ನಿಜವಿರಬಹುದು, ಆದರೆ ನಾನು ಪೂರ್ತಿ ಚಿತ್ರ ಕೇಳಿದ ಮೇಲೆಯೇ ಹೇಳುವುದು, ಸೋಮವಾರದ ಗಡುವು ಬದಲಾಗುವುದಿಲ್ಲ ಎಂದರು. ಎಂದರೆ ಅದು ಸರಿಹೋಗದಿದ್ದರೆ ಇನ್ನೊಂದು ಅವಕಾಶವಿಲ್ಲ. ಮಾಲೀಕರು ಮೇಡಂ ಇರುವ ಒಂದು ಪ್ರತಿಯನ್ನೂ ಮಾಡಿಟ್ಟುಕೊಳ್ಳೋಣ ಎಂದರು. ಎರಡಕ್ಕೂ ಹೊತ್ತಿಲ್ಲ, ಯಾವುದಾದರೂ ಒಂದು ಎಂದೆ. ಅವರು ಕೆಳಗೆ ಹೋಗಿ ಟೈಲ್ಸ್ ಅಂಗಡಿಯವರ ಜೊತೆ ಕೂತುಕೊಂಡರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಶುಕ್ರವಾರ ಎರಡು ಗಂಟೆಯೊಳಗೆ ಎಂಟು, ಸಂಜೆ ಐದರ ಮೇಲೆ ಹನ್ನೊಂದು ಮುಗಿದವು. ದೂರದ ದೃಶ್ಯಗಳೆಲ್ಲ ಸಲೀಸು. ಶನಿವಾರ ನಟರಿಗೆ ಧಾರಾವಾಹಿಯ ಚಿತ್ರೀಕರಣ; ನಾನು ಆ ದಿನವನ್ನು ಮೂರು ಮುಖಗಳಿಗೆ ಮೀಸಲಿಟ್ಟೆ. 'ಅಮ್ಮಣ್ಣಿ'ಯ ತೊಡಕು ಇಷ್ಟೇ: 'ಮ್ಮ' ಮೊದಲ ಮುಚ್ಚುವಿಕೆಗೆ ಸರಿಯಾಗಿ ಬೀಳುತ್ತದೆ, ಆದರೆ ಅವನ ತುಟಿ ಎರಡನೇ ಸಲ ಮುಚ್ಚುವ ಹೊತ್ತಿಗೆ 'ಣ್ಣಿ' ಬರುತ್ತದೆ. 'ಣ್ಣಿ'ಗೆ ಬಾಯಿ ತೆರೆದಿರಬೇಕು. ಪರದೆಯ ತುಂಬ ಮುಖ ಇರುವಾಗ ಅದು ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಆ ಮೂರು ಕಡೆ ಕರೆಯುವ ಪದವನ್ನೇ ಬಿಟ್ಟು ವಾಕ್ಯವನ್ನು ತಿರುಗಿಸಿ ಕಟ್ಟಿದೆ. ಒಂದು 'ನನ್ನನ್ನ ನಂಬಿ' ಎಂದು ಮುಗಿಯಿತು, ಇನ್ನೊಂದು 'ನನ್ನದೇ ತಪ್ಪು' ಎಂದು, ಮೂರನೆಯದು 'ಒಪ್ಪಿದೆ' ಎಂದು. ಸಾಯಂಕಾಲದವರೆಗೆ ನಾನೇ ಪರದೆಯ ಮುಂದೆ ಕೂತು ಅವನ ಬಾಯಿಗೆ ನನ್ನ ಬಾಯಿ ಜೋಡಿಸಿ ಹೇಳಿ ನೋಡಿದೆ. ದವಡೆ ನೋಯುತ್ತಿತ್ತು.

ಮೂವತ್ತೊಂದನೆಯದು ಮಾತ್ರ ಬಗ್ಗಲಿಲ್ಲ.

ಆ ದೃಶ್ಯ ಹೀಗಿದೆ. ದಾರಿ ಎರಡಾಗಿ ಒಡೆಯುವ ಕಡೆ ಗಾಡಿಸಾಲು ಬಂದು ಮುಟ್ಟಿದೆ. ಉಳಿದ ಗಾಡಿಗಳು ಒಂದು ಕಡೆ ಹೊರಟಿವೆ. ಮುಂದಾಳಿನ ದಾರಿ ಇನ್ನೊಂದು ಕಡೆಗೆ. ವಿಧವೆ ಹಗ್ಗ ಹಿಡಿದು ಗಾಡಿಯ ಮೇಲೆ ಕೂತಿದ್ದಾಳೆ. ಅವನು ಟೋಪಿ ತೆಗೆದು, ನನ್ನ ಜೊತೆ ಬರುತ್ತೀರಾ ಮ್ಯಾಮ್ ಎಂದು ಕೇಳುತ್ತಾನೆ. ಅವಳ ಮುಖ. ತುಟಿ ಮುಚ್ಚಿಯೇ ಇದೆ. ಅವಳು ಏನೂ ಹೇಳುವುದಿಲ್ಲ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಆ ಕೊನೆಯ ಸಲ ಪರದೆಯ ಮೇಲಿನ ನಟ ಪದವನ್ನು ಪೂರ್ತಿ ಹೇಳುವುದೂ ಇಲ್ಲ. ತುಟಿ ಕೂಡುತ್ತದೆ, ಕೂದಲೆಳೆಯಷ್ಟು ಬಿಡುತ್ತದೆ, ಮತ್ತೆ ಕೂಡುತ್ತದೆ. ಅಲ್ಲಿಗೆ ಅಮ್ಮಣ್ಣಿ ಹಿಡಿಸುವುದಿಲ್ಲ. ಬಿಟ್ಟರೆ ತುಟಿ ಸುಮ್ಮನೆ ಆಡಿದಂತೆ ಕಾಣುತ್ತದೆ, ಸದ್ದು ಕಡಿದುಹೋಯಿತೆಂದು ಮುಂಬೈಯವರು ಗುರುತು ಹಾಕುತ್ತಾರೆ. ಹನ್ನೆರಡು ಬಗೆಯಲ್ಲಿ ಬರೆದೆ. ಹನ್ನೆರಡೂ ಆಡಿದ ಮಾತಿನಂತಿರದೆ ಬರೆದ ಮಾತಿನಂತೆಯೇ ಇದ್ದವು.

ಭಾನುವಾರ ಬೆಳಿಗ್ಗೆ ಏಳಕ್ಕೆ ಎಲ್ಲರೂ ಬಂದರು. ಎಂಟೂವರೆಗೆ ಬಾಕಿ ಇದ್ದ ಎಂಟೂ ಮುಗಿದವು, ಮೂರು ಮುಖಗಳೂ ಕೂತವು. 'ನನ್ನದೇ ತಪ್ಪು' ಎಂಬುದನ್ನು ನಟರು ಎಷ್ಟು ಮೆಲ್ಲಗೆ ಹೇಳಿದರೆಂದರೆ ಎಂಜಿನಿಯರ್ ಮೀಟರ್ ನೋಡುವುದನ್ನು ಮರೆತ. ಕೊನೆಯ ರೀಲಿನ ಉಳಿದ ಮಾತುಗಳನ್ನು ಒಂಬತ್ತಕ್ಕೆ ಮುಗಿಸಿದೆವು. ವಿಮಾನಕ್ಕೆ ಇನ್ನು ಅರ್ಧ ಗಂಟೆ.

ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ನಿಲ್ಲಿಸಿ ರೆಕಾರ್ಡ್ ಮಾಡುತ್ತೇವೆ. ಆದರೆ ಈ ಒಂದು ಮಾತನ್ನು ಗಾಳಿಗೆ ಕೇಳಲಾರೆ, ಎದುರಿಗೆ ಆಯಮ್ಮ ಇರಲಿ ಎಂದು ನಟರು ಹಟ ಹಿಡಿದರು. ಕಲಾವಿದೆಯನ್ನು ನಟರ ಎದುರು, ಇನ್ನೊಂದು ಮೈಕಿನ ಮುಂದೆ ನಿಲ್ಲಿಸಿದೆವು. ಆಕೆ ಹೇಳಬೇಕಾದದ್ದು ಏನೂ ಇರಲಿಲ್ಲ. ನಾನು ಬರೆದಿದ್ದ ಹನ್ನೆರಡರಲ್ಲಿ ಮೂರನ್ನು ಪ್ರಯತ್ನಿಸಿದೆವು. ಮೊದಲನೆಯದು ಉದ್ದ. ಎರಡನೆಯದು ಸರಿ ಇತ್ತು, ಆದರೆ ಮದುವೆ ದಲ್ಲಾಳಿಯ ಮಾತಿನಂತಿತ್ತು. ಮೂರನೆಯದಕ್ಕೆ ಬಂದಾಗ, 'ಬರ್ತೀರಾ'ವನ್ನು 'ಬರ್ತೀಯಾ' ಮಾಡೋಣವೇ ಎಂದು ನಟರು ಕೇಳಿದರು. ಅವನು ಒಂಬತ್ತು ರೀಲಿನಲ್ಲಿ ಒಮ್ಮೆಯೂ ಅವಳನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ. ಮಾಡೋಣ ಎಂದೆ. ಟೋಪಿಯನ್ನೂ ತೆಗೆದಿದ್ದಾನಲ್ಲ.

ಒಂಬತ್ತು ಹದಿನಾಲ್ಕಕ್ಕೆ ಟೇಕ್ ಶುರುವಾಯಿತು. "ನನ್ ಜೊತೆ ಬರ್ತೀಯಾ" ಎಂದು ಅವರು ಹೇಳಿದ ಕ್ಷಣಕ್ಕೆ ನನ್ನ ಎದೆಗೆ ಗುಡುಗು ಗೊತ್ತಾಯಿತು. ವಿಮಾನ ಅಂದು ಬೇಗ ಎದ್ದಿತ್ತು. ನಟರಿಗೂ ಗೊತ್ತಾಯಿತು. ಮುಂದುವರಿಸಲೋ ನಿಲ್ಲಿಸಲೋ ಎಂದು ತಿಳಿಯದೆ ಅವರು ಹುಬ್ಬೆತ್ತಿ, ತುಟಿ ಬಿಡಿಸದೆ, "ಮ್?" ಎಂದರು. ಕಲಾವಿದೆ ತಮ್ಮನ್ನೇ ಕೇಳಿದರೆಂದುಕೊಂಡು, ಮುಂದುವರಿಸಿ ಎಂಬಂತೆ ತಲೆಯಾಡಿಸಿ, "ಮ್" ಎಂದರು.

ಗುಡುಗು ಬಲವಾಯಿತು. ಟೇಕ್ ಹಾಳು ಎಂದು ನಾನು ಟಾಕ್‌ಬ್ಯಾಕ್ ಒತ್ತಲು ಹೋದೆ. ಎಂಜಿನಿಯರ್ ನನ್ನ ಕೈ ತಡೆದ. ಆ ತುಣುಕನ್ನು ಹಿಂದಕ್ಕೆ ಓಡಿಸಿ ಚಿತ್ರದ ಜೊತೆ ಹಾಕಿದ. ಪರದೆಯ ಮೇಲೆ ಅವನ ತುಟಿ ಕೂಡಿತು, ಬಿಟ್ಟೂ ಬಿಡದಂತೆ ಬಿಟ್ಟಿತು, ಕೂಡಿತು: ಮ್? ಅವಳ ಮುಖ, ಮುಚ್ಚಿದ ತುಟಿ: ಮ್. ನಾನು ಮತ್ತೊಮ್ಮೆ ಹಾಕಿಸಿದೆ. ಒಂದು ಕೂದಲೂ ಆಚೀಚೆ ಇರಲಿಲ್ಲ.

ಆಮೇಲಿನ ಎರಡು ಗಂಟೆ ಆ ವಾರದಲ್ಲೇ ಕಷ್ಟದ್ದು. ವಿಮಾನಗಳ ಸಂದುಗಳಲ್ಲಿ ಅದನ್ನೇ ಮತ್ತೆ ಹೇಳಿಸಿದೆವು. ಗುಡುಗಿಲ್ಲದ ಸ್ವಚ್ಛ ಟೇಕುಗಳು ಒಂಬತ್ತು ಸಿಕ್ಕವು. ಎಲ್ಲದರಲ್ಲೂ ಇಬ್ಬರು ಒಳ್ಳೆಯ ಕಲಾವಿದರು 'ಮ್' ಎಂದು ನಟಿಸುತ್ತಿದ್ದರು. ನಟರೇ ಕೊನೆಗೆ, ಈಗ ನಾನು ಏನು ಕೇಳ್ತಿದೀನಿ ಅಂತ ನಂಗೆ ಗೊತ್ತೈತಲ್ಲಮ್ಮ, ಅದಕ್ಕೇ ಬರಲ್ಲ ಎಂದರು.

ಹಾಳಾದ ಟೇಕಿನ ಗುಡುಗನ್ನು ಕಡಿದರೆ ಅದರ ಜೊತೆ ನಟರ ಎದೆಯ ದನಿಯೂ ಹೋಗಿ, ಅವರು ತಗಡಿನ ಡಬ್ಬಿಯೊಳಗಿಂದ ಮಾತಾಡಿದಂತಾಗುತ್ತಿತ್ತು. ಚಿತ್ರದ ಮಾತಿಲ್ಲದ ಸದ್ದುಗಳು ನಮಗೆ ಬೇರೆಯಾಗಿಯೇ ಬಂದಿದ್ದವು. ಆ ದೃಶ್ಯದ ಕೆಳಗೆ ಹೊರಟ ಗಾಡಿಗಳ ಚಕ್ರದ ಸದ್ದಿತ್ತು. ಎಂಜಿನಿಯರ್ ಗುಡುಗನ್ನು ಅರ್ಧದಷ್ಟು ಮಾತ್ರ ತಗ್ಗಿಸಿ, ಚಕ್ರದ ಸದ್ದನ್ನು ಒಂದಿಷ್ಟು ಏರಿಸಿ ಅದರ ಮೇಲೆ ಹೊದಿಸಿದ. ಗೊತ್ತಿದ್ದವರಿಗೆ ಅದು ವಿಮಾನ. ಗೊತ್ತಿಲ್ಲದವರಿಗೆ ಐವತ್ತೊಂಬತ್ತು ಗಾಡಿ ಒಟ್ಟಿಗೆ ಹೊರಟ ಹಾಗೆ.

ಉಳಿದದ್ದು ಅವಳ 'ಮ್'. ಮೂಲದಲ್ಲಿ ಇಲ್ಲದ ಸದ್ದನ್ನು ಸೇರಿಸಕೂಡದು ಎಂಬುದು ಒಪ್ಪಂದದ ಸಾಲುಗಳಲ್ಲೇ ಇತ್ತು. ಮೂಲದಲ್ಲಿ ಅವಳು ಮೌನ. ಎಂಜಿನಿಯರ್ ಇಟ್ಟೇ ಇಡಬೇಕು ಎಂದ. ಮಾಲೀಕರು ತೆಗೆದುಬಿಡಮ್ಮ, ಮೊದಲೇ ಒಂದು ತಕರಾರಿದೆ, ಇನ್ನೊಂದು ಯಾಕೆ ಎಂದರು. ಅವರು ಹೇಳಿದ್ದು ನ್ಯಾಯವೇ. ಒಂದು ಸದ್ದಿಗೋಸ್ಕರ ಇಡೀ ಚಿತ್ರ ಹೋದರೆ, ಆಮೇಲೆ ಬರಬಹುದಾದ ಚಿತ್ರಗಳೂ ಹೋಗುತ್ತವೆ, ನಾವು ಮತ್ತೆ ಸೀರೆ ಅಂಗಡಿಗೆ. ತೆಗೆದು ನೋಡಿದೆ. ಅವನ 'ಮ್?' ಉತ್ತರವಿಲ್ಲದೆ ನೇತಾಡಿತು. ಮತ್ತೆ ಇಟ್ಟು ನೋಡಿದೆ. ಇಟ್ಟು ಕಳಿಸಿದೆ. ಸೋಮವಾರ ಮಧ್ಯಾಹ್ನ ಫೈಲು ಹೋದ ಮೇಲೆ ಮಾಲೀಕರಿಗೆ ಹೇಳಿದೆ. ಅವರು ಆ ದಿನ ನನ್ನ ಜೊತೆ ಟೀ ಕುಡಿಯಲಿಲ್ಲ.

ಗುರುವಾರ ಪರಿಶೀಲಕಿಯೇ ಫೋನ್ ಮಾಡಿದರು. ನಾನು ಸ್ಪೀಕರಿಗೆ ಹಾಕಿದೆ. ಆ ಉದ್ದನೆಯ ಪದ ಸರಿ, ಈಗ ಅವನು ಅವಳನ್ನು ಕಾಡಿಸುತ್ತಿದ್ದಾನೆಂದು ತಿಳಿಯುತ್ತದೆ ಎಂದರು. ಮಾಲೀಕರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಆಮೇಲೆ ಪರಿಶೀಲಕಿ, ಕೊನೆಗೆ ಆ ಹೆಂಗಸು ಏನೋ ಅನ್ನುತ್ತಾಳೆ, ಅದು ನಿಮ್ಮ ಸ್ಕ್ರಿಪ್ಟಿನಲ್ಲಿ ಇಲ್ಲ, ಮೂಲದಲ್ಲೂ ಇಲ್ಲ ಎಂದರು. ಮೂಲದಲ್ಲಿ ಅವಳು ಹೋಗುತ್ತಾಳೋ ಇಲ್ಲವೋ ಪ್ರೇಕ್ಷಕರಿಗೆ ಗೊತ್ತಾಗುವುದಿಲ್ಲ. ನೀವು ಅವಳಿಂದ ಹೌದು ಎನ್ನಿಸಿದ್ದೀರಾ?

ನಾನು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಆ ಸದ್ದು ಒಪ್ಪಿಗೆಯೂ ಹೌದು ಎಂದೆ. ಆದರೆ ಕಥೆ ಹೇಳುವವರ ಮುಂದೆ ಕೂತು, ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಕ್ಕೂ ಅದನ್ನೇ ಅನ್ನುತ್ತೇವೆ. ಹೂಂಗುಟ್ಟುವುದು ಎಂದು ಅದಕ್ಕೆ ಹೆಸರು. ಹೂಂಗುಟ್ಟಿದವರು ಏನನ್ನೂ ಒಪ್ಪಿಕೊಂಡಿರಬೇಕಿಲ್ಲ. ಇವಳದು ಯಾವುದು ಎಂಬುದು ಕನ್ನಡದವರಿಗೂ ಗೊತ್ತಾಗುವುದಿಲ್ಲ.

ಪರಿಶೀಲಕಿ ಆ ತುಣುಕನ್ನು ಮತ್ತೆ ಹಾಕಿಕೊಂಡಿದ್ದು ಫೋನಿನಲ್ಲೇ ಕೇಳಿಸಿತು. ಚಕ್ರದ ಸದ್ದು, ಅವನದೊಂದು, ಅವಳದೊಂದು. ಮೂರನೇ ಸಲ ಹಾಕಿದ ಮೇಲೆ, ಹಾಗಾದರೆ ಇರಲಿ ಎಂದರು. ಸ್ಕ್ರಿಪ್ಟಿನಲ್ಲಿ ಸೇರಿಸಿ ಕಳಿಸಿ, ಮುಂದಿನ ಚಿತ್ರದ ವಿಷಯ ಸೋಮವಾರ ಮಾತಾಡೋಣ. ಮಾಲೀಕರು ಕುರ್ಚಿಯ ಬೆನ್ನು ಬಿಟ್ಟು ಅದರಲ್ಲೇ ಕೂತರು.

ಮುಂದಿನ ಚಿತ್ರದ ಧ್ವನಿ ಪರೀಕ್ಷೆಗೆ ಇಬ್ಬರೂ ಕಲಾವಿದರು ಬಂದ ದಿನ ಮುಂಬೈಯ ಪ್ರಶ್ನೆಯನ್ನು ಅವರಿಗೆ ಹೇಳಿದೆ. ನಟರಿಗೆ ಅದು ಪ್ರಶ್ನೆ ಎಂದೇ ಅನಿಸಲಿಲ್ಲ.

"ಒಪ್ದೆ ಇನ್ನೇನು? ಅಷ್ಟ್ ದೂರ ಗಾಡಿ ಒಡ್ಕಂಡ್ ಬಂದಿರೋಳು."

ಕಲಾವಿದೆ ಟೀ ಲೋಟ ಕೆಳಗಿಟ್ಟರು.

"ಯಾರ್ ಹೇಳಿದ್ದು ಸಾರ್? ನಾನ್ ಬರೀ ಹೂಂಗುಟ್ದೆ."